ಮರೆವಿನ ರೋಗಕ್ಕೆ ಹೆಸರಾದ ಡಾಕ್ಟರು ಅಲೋಯಿಸ್ ಅಲ್ಝೈಮರ್

ಕುಪವಾಡ: ಅರವತ್ತಕ್ಕೆ ಅರಳು ಮರಳು ಎಂದು ನಾವು ಕನ್ನಡದಲ್ಲಿ ಹೇಳುತ್ತೇವೆ. ಅದೇ ಓಣಿಯ ಮರಾಠಿ ಮಂದಿ ಸಾಠೀ ಬುದ್ಧಿ ನಾಠೀ ಅನ್ನುತ್ತಾರೆ. ಭಾಷೆ ಎರಡಾದರೂ ಲೆಕ್ಕ ಒಂದೇ. ಅರವತ್ತು ತುಂಬಿದ ಮೇಲೆ ಬುದ್ಧಿ ಜಾರುವುದು ಸಹಜ, ಅದಕ್ಕಾಗಿ ದವಾಖಾನೆಗೆ ಓಡಾಡುವುದು ದಂಡ. ಗಡಿ, ನೀರು, ನಾಮಫಲಕ ಎಂದು ನೂರೆಂಟು ವಿಷಯಕ್ಕೆ ಕಿತ್ತಾಡುವ ಎರಡು ಭಾಷೆಗಳು ಈ ಒಂದು ಮಾತಿನಲ್ಲಿ ಮಾತ್ರ ಒಮ್ಮತಕ್ಕೆ ಬಂದಿವೆ. ಆದರೆ ಆ ಮಾತಿನಲ್ಲಿ ಹುಳುಕಿದೆ ಎಂದು ತೋರಿಸುವ ಮೊದಲ ಹೆಜ್ಜೆ ಇಟ್ಟ ಮನುಷ್ಯ ತೀರಿಕೊಂಡೇ ನೂರು ವರ್ಷ ದಾಟಿದೆ.

ಅವರು ಜರ್ಮನಿಯ ಡಾಕ್ಟರ್ ಅಲೋಯಿಸ್ ಅಲ್ಝೈಮರ್. ಅವರ ಹೆಸರು ಈಗ ರೋಗದ ಹೆಸರಾಗಿ ಎಲ್ಲರ ಬಾಯಲ್ಲಿದೆ, ಸೆಪ್ಟೆಂಬರ್ 21ನ್ನು ಜಗತ್ತು ಆ ಹೆಸರಿನ ದಿನವಾಗಿ ಆಚರಿಸುತ್ತದೆ. ಆದರೆ ಆ ಹೆಸರಿನ ಹಿಂದೆ ಮೀಸೆ ಹೊತ್ತ, ಸಿಗಾರ್ ಸೇದುವ, ಹೆಂಡತಿಯನ್ನು ಬೇಗ ಕಳೆದುಕೊಂಡು ಮೂರು ಮಕ್ಕಳನ್ನು ಸಾಕಿದ ಒಬ್ಬ ಮನುಷ್ಯ ಇದ್ದ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅವರ ಕೈಯಲ್ಲಿ ಈ ರೋಗಕ್ಕೆ ಒಂದು ಗುಳಿಗೆಯೂ ಇರಲಿಲ್ಲ. ಇದ್ದದ್ದು ಒಂದು ಪೆನ್ನು, ಒಂದಿಷ್ಟು ಕಾಗದ, ಒಂದು ಸೂಕ್ಷ್ಮದರ್ಶಕ ಮತ್ತು ರೋಗಿಯ ಮುಂದೆ ಕುಳಿತುಕೊಳ್ಳುವ ತಾಳ್ಮೆ.

ನೋಟರಿಯ ಮಗ

ಅಲೋಯಿಸ್ ಹುಟ್ಟಿದ್ದು 1864ರ ಜೂನ್ 14ರಂದು, ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಊರಿನಲ್ಲಿ. ಮೈನ್ ನದಿಯ ದಂಡೆಯ ಸಣ್ಣ ಊರು ಅದು. ತಂದೆ ಎಡ್ವರ್ಡ್ ನೋಟರಿ. ಕಾಗದ ಪತ್ರ ಬರೆದು, ಸಹಿ ಹಾಕಿಸಿ, ಮುದ್ರೆ ಒತ್ತುವ ಕೆಲಸ. ನಾಳೆ ಯಾರೇ ಕೇಳಿದರೂ ದಾಖಲೆ ಇರಬೇಕು ಎಂಬ ಶಿಸ್ತು ಮಗನಿಗೆ ಅಲ್ಲಿಂದಲೇ ಬಂತೋ ಏನೋ. ಮಕ್ಕಳ ಓದಿಗೆಂದು ಮನೆಯವರು ಆಶಾಫೆನ್‌ಬುರ್ಗ್‌ಗೆ ಬಂದರು. ಅಲ್ಲಿ ಶಾಲೆ ಮುಗಿಸಿ ಬರ್ಲಿನ್, ವುರ್ಟ್ಸ್‌ಬುರ್ಗ್, ಟ್ಯೂಬಿಂಗನ್ ಊರುಗಳಲ್ಲಿ ವೈದ್ಯಕೀಯ ಓದಿದರು.

ಕಾಲೇಜಿನಲ್ಲಿ ತೀರಾ ಸಾಧು ಹುಡುಗನೇನೂ ಆಗಿರಲಿಲ್ಲ. ಆಗಿನ ಜರ್ಮನ್ ವಿದ್ಯಾರ್ಥಿ ಸಂಘಗಳಲ್ಲಿ ಕತ್ತಿವರಸೆಯ ಪಂದ್ಯ ಆಡಿ ಮುಖದ ಮೇಲೆ ಗಾಯ ಮಾಡಿಕೊಳ್ಳುವುದು ಗಂಡಸುತನದ ಲಕ್ಷಣ. ಅಲೋಯಿಸ್ ಕೂಡ ಎಡಗೆನ್ನೆಯ ಮೇಲೆ ಆ ಗುರುತು ಪಡೆದುಕೊಂಡರು, ಜೀವಮಾನವಿಡೀ ಅದು ಉಳಿಯಿತು. ಡಾಕ್ಟರ್ ಪದವಿಗೆ ಅವರು ಬರೆದ ಪ್ರಬಂಧದ ವಿಷಯ ಕೇಳಿದರೆ ಓದುಗರಿಗೆ ನಗು ಬರಬಹುದು. ಕಿವಿಯ ಗುಗ್ಗೆ ಸುರಿಸುವ ಗ್ರಂಥಿಗಳ ಬಗ್ಗೆ ಅವರು ಬರೆದದ್ದು! ಆದರೆ ಆ ಕೆಲಸದಲ್ಲಿಯೇ ಅವರ ಕಣ್ಣು ಸೂಕ್ಷ್ಮದರ್ಶಕಕ್ಕೆ ಒಗ್ಗಿತು.

1888ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಮತ್ತು ಮೂರ್ಛೆ ರೋಗಿಗಳ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾಗಿ ಸೇರಿದರು. ನಮ್ಮ ಕಡೆಯವರಿಗೆ ಕಾಲದ ಅಂದಾಜು ಸಿಗಲಿ ಎಂದು ಹೇಳುವುದಾದರೆ, ಮಿರಜಿನ ದೊಡ್ಡ ದವಾಖಾನೆ ಕಟ್ಟಿದ ಡಾಕ್ಟರ್ ವಿಲಿಯಂ ವಾನ್ಲೆಸ್ ಭಾರತಕ್ಕೆ ಬಂದದ್ದು 1889ರಲ್ಲಿ, ಮಿರಜಿನಲ್ಲಿ ಆಸ್ಪತ್ರೆ ತೆರೆದದ್ದು 1894ರಲ್ಲಿ. ಇಲ್ಲಿ ಅವರು ಹೊಟ್ಟೆ, ಕಣ್ಣು, ಕಲ್ಲುಗಳ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ದಿನಗಳಲ್ಲೇ ಅಲ್ಲಿ ಅಲ್ಝೈಮರ್ ಹುಚ್ಚಾಸ್ಪತ್ರೆಯ ಕೋಣೆಗಳಲ್ಲಿ ಓಡಾಡುತ್ತಿದ್ದರು. ಒಬ್ಬರ ಹೆಸರು ಮಿರಜಿನಲ್ಲಿ ಕಟ್ಟಡವಾಗಿ ನಿಂತಿತು, ಇನ್ನೊಬ್ಬರದು ಜಗತ್ತಿನಾದ್ಯಂತ ರೋಗವಾಗಿ.

ಆ ಆಸ್ಪತ್ರೆಯ ಮುಖ್ಯಸ್ಥ ಎಮಿಲ್ ಸಿಯೋಲಿ ಎಂಬವರು. ರೋಗಿಗಳನ್ನು ಕಟ್ಟಿಹಾಕುವುದು, ಬಿಗಿ ಅಂಗಿ ತೊಡಿಸುವುದು ಸಲ್ಲದು ಎನ್ನುವ ಮನುಷ್ಯ. ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಕೂರಿಸುವುದೇ ಅಲ್ಲಿ ದೊಡ್ಡ ಚಿಕಿತ್ಸೆ. ಅಲ್ಝೈಮರ್ ಬಂದ ಸ್ವಲ್ಪ ದಿನಕ್ಕೆ ಫ್ರಾನ್ಜ್ ನಿಸ್ಲ್ ಎಂಬ ಇನ್ನೊಬ್ಬ ತರುಣ ವೈದ್ಯರು ಸೇರಿಕೊಂಡರು. ಮಿದುಳಿನ ನರಕೋಶಗಳಿಗೆ ಬಣ್ಣ ಹಿಡಿಸಿ ಕಾಣುವಂತೆ ಮಾಡುವ ವಿಧಾನ ಕಂಡುಹಿಡಿದವರು ಇದೇ ನಿಸ್ಲ್, ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಇಬ್ಬರಿಗೂ ಗೆಳೆತನ ಗಟ್ಟಿಯಾಯಿತು. ಹಗಲು ರೋಗಿಗಳ ಜೊತೆ, ಸಂಜೆಯಾದರೆ ಸೂಕ್ಷ್ಮದರ್ಶಕದ ಜೊತೆ. ಆಗ ಇಂಥ ಆಸ್ಪತ್ರೆಗಳಲ್ಲಿ ಬಹಳ ರೋಗಿಗಳು ಸಿಫಿಲಿಸ್ ಮಿದುಳಿಗೆ ಏರಿ ಬುದ್ಧಿ ಕೆಟ್ಟವರು. ಅಲ್ಝೈಮರ್ ಜೀವನದ ದೊಡ್ಡ ಪಾಲು ಸಂಶೋಧನೆ ಅದರ ಮೇಲೆಯೇ ನಡೆಯಿತು. ಅವರು ಮರೆವಿನ ರೋಗಕ್ಕೆ ಹೆಸರಾದದ್ದು ಒಂದು ರೀತಿ ಆಕಸ್ಮಿಕ.

ಮಧ್ಯೆ ಮದುವೆಯೂ ಆಯಿತು. ವಜ್ರದ ವ್ಯಾಪಾರಿಯ ವಿಧವೆ, ಶ್ರೀಮಂತ ಯೆಹೂದಿ ಮನೆತನದ ಸೆಸಿಲಿ ಅವರನ್ನು ಅಲ್ಝೈಮರ್ ಮದುವೆಯಾದರು. ಗೆರ್ಟ್ರೂಡ್, ಹಾನ್ಸ್, ಮಾರಿಯಾ ಎಂಬ ಮೂರು ಮಕ್ಕಳಾದವು. ಹೆಂಡತಿಯ ಹಣದಿಂದಾಗಿ ಮುಂದೆ ಸಂಬಳವಿಲ್ಲದೆಯೂ ಸಂಶೋಧನೆ ಮಾಡುವ ಅನುಕೂಲ ಅವರಿಗೆ ಸಿಕ್ಕಿತು. ಆದರೆ 1901ರ ಫೆಬ್ರವರಿಯಲ್ಲಿ ಸೆಸಿಲಿ ತೀರಿಕೊಂಡರು. ಕಿರಿಯ ಮಗುವಿಗೆ ಆಗ ಒಂದು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಅಲ್ಝೈಮರ್ ತಂಗಿ ಬಂದು ಮನೆ ವಹಿಸಿಕೊಂಡರು. ಅವರು ಮತ್ತೆ ಮದುವೆಯಾಗಲಿಲ್ಲ, ಕೆಲಸದಲ್ಲಿ ಮುಳುಗಿದರು.

ಆ ವರ್ಷದ ನವೆಂಬರ್

1901ರ ನವೆಂಬರ್ 25ರಂದು ರೈಲ್ವೆ ಇಲಾಖೆಯ ಗುಮಾಸ್ತ ಕಾರ್ಲ್ ಡೇಟರ್ ಅವರ ಹೆಂಡತಿಯನ್ನು ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಸೇರಿಸಲಾಯಿತು. ಹೆಸರು ಆಗುಸ್ಟೆ. ವಯಸ್ಸು 51. ಗಮನಿಸಿ, ಅರವತ್ತಲ್ಲ.

ಮನೆಯಲ್ಲಿ ನಡೆದದ್ದನ್ನು ಕೇಳಿದರೆ ನಮ್ಮ ಊರಿನ ಕತೆಯೇ ಅನಿಸುತ್ತದೆ. ಬಹಳ ವರ್ಷ ಚೆನ್ನಾಗಿ ಸಂಸಾರ ಮಾಡಿದ ಹೆಂಗಸು ಇದ್ದಕ್ಕಿದ್ದಂತೆ ಗಂಡನ ಮೇಲೆ ಅನುಮಾನ ಪಡತೊಡಗಿದಳು, ನೆರೆಮನೆಯ ಹೆಂಗಸಿನ ಜೊತೆ ಸಂಬಂಧ ಇದೆ ಎಂದು ಜಗಳ ತೆಗೆದಳು. ಆಮೇಲೆ ಅಡಿಗೆ ಕೆಡತೊಡಗಿತು. ಸಾಮಾನುಗಳನ್ನು ಎಲ್ಲೆಲ್ಲೋ ಬಚ್ಚಿಡುವುದು, ಮನೆಯೊಳಗೇ ದಿಕ್ಕು ತಪ್ಪಿದಂತೆ ತಿರುಗುವುದು, ಯಾರೋ ತನ್ನನ್ನು ಕೊಲ್ಲಲು ಬಂದಿದ್ದಾರೆಂದು ಕೂಗುವುದು ಶುರುವಾಯಿತು. ನಮ್ಮ ಹಳ್ಳಿಗಳಲ್ಲೂ ಅತ್ತೆ ತನ್ನ ನತ್ತನ್ನು ಅಕ್ಕಿ ಡಬ್ಬಿಯಲ್ಲಿ ತಾನೇ ಬಚ್ಚಿಟ್ಟು, ಸೊಸೆ ಕದ್ದಳೆಂದು ಓಣಿ ತುಂಬ ಸಾರುವುದುಂಟು. ಪಂಚರು ಕೂಡುತ್ತಾರೆ, ತವರಿನವರು ಬರುತ್ತಾರೆ, ಮನೆ ಎರಡಾಗುತ್ತದೆ. ಅದು ರೋಗದ ಮೊದಲ ಗುರುತು ಇರಬಹುದು ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಮರುದಿನ ಅಲ್ಝೈಮರ್ ಆಕೆಯ ಹಾಸಿಗೆಯ ಪಕ್ಕ ಕುಳಿತು ಪ್ರಶ್ನೆ ಕೇಳತೊಡಗಿದರು. ಕೇಳಿದ್ದು, ಆಕೆ ಹೇಳಿದ್ದು ಎರಡನ್ನೂ ಬರೆದುಕೊಂಡರು. ಹೆಸರು ಕೇಳಿದರು, ಆಗುಸ್ಟೆ ಎಂದಳು. ಮನೆತನದ ಹೆಸರು ಕೇಳಿದರು, ಅದಕ್ಕೂ ಆಗುಸ್ಟೆ ಎಂದಳು. ಗಂಡನ ಹೆಸರು ಕೇಳಿದಾಗಲೂ ಅದೇ ಉತ್ತರ ಬಂತು. ಊಟಕ್ಕೆ ಹಂದಿ ಮಾಂಸ ಮತ್ತು ಹೂಕೋಸು ತಿನ್ನುತ್ತಿದ್ದಾಗ ಏನು ತಿನ್ನುತ್ತೀ ಎಂದರೆ ಪಾಲಕ ಎಂದಳು. ಪೆನ್ಸಿಲ್, ಪೆನ್ನು ತೋರಿಸಿದರೆ ಗುರುತಿಸಿದಳು, ಸ್ವಲ್ಪ ಹೊತ್ತಿನ ಮೇಲೆ ಏನು ತೋರಿಸಿದ್ದೆ ಎಂದರೆ ನೆನಪಿಲ್ಲ. ಹೆಸರು ಬರೆಯಲು ಹೇಳಿದರೆ ಶ್ರೀಮತಿ ಎಂಬ ಪದ ಬರೆದು ಮುಂದಿನದು ಮರೆತು ನಿಂತಳು. ಪ್ರತಿ ಅಕ್ಷರಕ್ಕೂ ನೆನಪಿಸಬೇಕಾಯಿತು. ಈ ನಡುವೆ ಆಕೆ ತಾನು ತನ್ನನ್ನೇ ಕಳೆದುಕೊಂಡಿದ್ದೇನೆ ಎಂಬ ಅರ್ಥದ ಮಾತನ್ನು ಆಡಿದಳು. ಕಳೆದುಕೊಂಡದ್ದು ಏನೆಂದು ಆ ಹೊತ್ತಿಗೆ ಆಕೆಗೆ ಅರಿವಿತ್ತು. ಈ ಲೇಖಕನಿಗೆ ಈ ಇಡೀ ಕತೆಯಲ್ಲಿ ಬಹಳ ಕಾಡುವುದು ಅದೇ.

ಇಷ್ಟು ವಿವರ ನಮಗೆ ಹೇಗೆ ಸಿಕ್ಕಿತು? ಆ ದಾಖಲೆ ಎಷ್ಟೋ ದಶಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1995ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದ ಕೊನ್ರಾಡ್ ಮೌರರ್ ಮತ್ತು ಜೊತೆಗಾರರಿಗೆ ಆಸ್ಪತ್ರೆಯ ಹಳೆಯ ಕಡತಗಳ ಮಧ್ಯೆ ಒಂದು ನೀಲಿ ರಟ್ಟಿನ ಫೈಲು ಸಿಕ್ಕಿತು. ಒಳಗೆ 32 ಹಾಳೆ. ಅಲ್ಝೈಮರ್ ಕೈಬರಹ, ಆಗುಸ್ಟೆಯ ಅರೆಬರೆ ಸಹಿ, ಆಕೆಯ ಫೋಟೋ ಎಲ್ಲ ಅದರಲ್ಲಿದ್ದವು. ಎರಡು ಮಹಾಯುದ್ಧ, ಬಾಂಬು, ಬೆಂಕಿ ದಾಟಿ ಅದು ಉಳಿದಿತ್ತು. 1997ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅದೇ ಸುಮಾರಿಗೆ ಆಕೆಯ ಮಿದುಳಿನ ತೆಳು ಪದರಗಳಿದ್ದ ಗಾಜಿನ ಪಟ್ಟಿಗಳೂ ಮ್ಯೂನಿಕ್‌ನಲ್ಲಿ ಸಿಕ್ಕವು.

ಯಾರೂ ಪ್ರಶ್ನೆ ಕೇಳಲಿಲ್ಲ

1903ರಲ್ಲಿ ಅಲ್ಝೈಮರ್ ಫ್ರಾಂಕ್‌ಫರ್ಟ್ ಬಿಟ್ಟರು. ಆ ಕಾಲದ ಮನೋವೈದ್ಯರಲ್ಲಿ ದೊಡ್ಡ ಹೆಸರು ಎಮಿಲ್ ಕ್ರೇಪೆಲಿನ್. ಅವರ ಜೊತೆ ಮೊದಲು ಹೈಡೆಲ್‌ಬರ್ಗ್‌ಗೆ, ಅದೇ ವರ್ಷ ಮ್ಯೂನಿಕ್‌ಗೆ ಹೋದರು. ಊರು ಬಿಟ್ಟರೂ ಆಗುಸ್ಟೆಯನ್ನು ಮರೆಯಲಿಲ್ಲ, ಆಕೆಯ ಸ್ಥಿತಿ ಹೇಗಿದೆ ಎಂದು ಫ್ರಾಂಕ್‌ಫರ್ಟ್‌ನಿಂದ ತಿಳಿದುಕೊಳ್ಳುತ್ತಿದ್ದರು. ಗಂಡನಿಗೆ ಆಸ್ಪತ್ರೆಯ ಖರ್ಚು ಹೊರುವುದು ಕಷ್ಟವಾಗಿತ್ತು. ಅಗ್ಗದ ಬೇರೆ ಕಡೆ ಸಾಗಿಸುವ ಮಾತೂ ನಡೆದಿತ್ತು. ಆದರೂ ಆಕೆ ಕೊನೆಯವರೆಗೆ ಅಲ್ಲೇ ಉಳಿದಳು. ಕೊನೆಕೊನೆಗೆ ಮಾತು ಹೋಯಿತು, ಕಾಲು ಮಡಚಿಕೊಂಡು ಹಾಸಿಗೆ ಹಿಡಿದಳು, ಬೆನ್ನಿಗೆ ಹುಣ್ಣಾಗಿ ನಂಜೇರಿತು. 1906ರ ಏಪ್ರಿಲ್ 8ರಂದು ತೀರಿಕೊಂಡಳು. ಸಿಯೋಲಿ ಆಕೆಯ ಮಿದುಳನ್ನೂ ಕಾಗದಗಳನ್ನೂ ಮ್ಯೂನಿಕ್‌ಗೆ ಕಳುಹಿಸಿದರು.

ಅಲ್ಝೈಮರ್ ಅದನ್ನು ತೆಳುವಾಗಿ ಕೊಯ್ದು, ಬಿಲ್ಷೋವ್ಸ್ಕಿ ಎಂಬವರು ಆಗಷ್ಟೇ ಕಂಡುಹಿಡಿದಿದ್ದ ಬೆಳ್ಳಿಯ ಲವಣದ ಬಣ್ಣ ಹಿಡಿಸಿ ನೋಡಿದರು. ಮಿದುಳು ಒಟ್ಟಾರೆ ಒಣಗಿದ ಹಣ್ಣಿನಂತೆ ಸೊರಗಿತ್ತು. ಎರಡು ಸಂಗತಿ ಎದ್ದು ಕಂಡವು. ನರಕೋಶಗಳ ಒಳಗೆ ಎಳೆಗಳು ಸಿಕ್ಕುಸಿಕ್ಕಾಗಿ ಗಂಟು ಬಿದ್ದಿದ್ದವು, ಹತ್ತಿಯ ಲಡಿ ತೊಡರಿದಂತೆ. ಕಾಲುಭಾಗದಿಂದ ಮೂರನೇ ಒಂದು ಭಾಗ ಕೋಶಗಳಲ್ಲಿ ಈ ಗಂಟು. ಕೋಶಗಳ ಹೊರಗೆ ಮಿದುಳಿನ ಹೊರಪದರದ ತುಂಬ ಸಣ್ಣ ಸಣ್ಣ ಕಾಳುಗಳಂಥ ಚುಕ್ಕೆಗಳು. ಅವರು ಇವಕ್ಕೆ ಬಳಸಿದ ಪದದ ಮೂಲ ಅರ್ಥ ನವಣೆ, ಸಾವೆಯಂಥ ಕಿರುಧಾನ್ಯದ ಕಾಳು. ಅರಳು ಮರಳು ಎಂದು ನಾವು ಕರೆದದ್ದರ ಕುರುಹು ಅಲ್ಲಿ ಗಾಜಿನ ಪಟ್ಟಿಯ ಮೇಲೆ ಕಣ್ಣಿಗೆ ಕಾಣುವಂತೆ ಕುಳಿತಿತ್ತು.

1906ರ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ನೈರುತ್ಯ ಜರ್ಮನಿಯ ಮನೋವೈದ್ಯರ ಸಭೆ ಸೇರಿತ್ತು. ಅಲ್ಝೈಮರ್ ಎದ್ದು ನಿಂತು ಈ ಒಬ್ಬ ರೋಗಿಯ ವಿಷಯ ಹೇಳಿದರು, ಚಿತ್ರಗಳನ್ನು ತೋರಿಸಿದರು. ಮುಗಿಸಿ ಕಾದರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಅಧ್ಯಕ್ಷರು ಮುಂದಿನವರನ್ನು ಕರೆದರು, ಸಭೆಯ ಚರ್ಚೆಗೆ ಬಿಸಿ ಏರಿದ್ದು ಆ ಮುಂದಿನ ವಿಷಯಕ್ಕೆ. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಇಷ್ಟು ತಣ್ಣಗೆ ಸ್ವಾಗತ ಪಡೆದ ದೊಡ್ಡ ಭಾಷಣ ಅಪರೂಪ. 1907ರಲ್ಲಿ ಅದು ಸಣ್ಣ ಲೇಖನವಾಗಿ ಅಚ್ಚಾಯಿತು.

ತನ್ನ ಹೆಸರು ಇಟ್ಟವರು ಅಲ್ಝೈಮರ್ ಅಲ್ಲ. 1910ರಲ್ಲಿ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದ ಹೊಸ ಆವೃತ್ತಿಯಲ್ಲಿ ಇದನ್ನು ಅಲ್ಝೈಮರ್ ರೋಗ ಎಂದು ಕರೆದರು. ಕೈಯಲ್ಲಿ ಬೆರಳೆಣಿಕೆಯ ರೋಗಿಗಳಿದ್ದಾಗ ಇಷ್ಟು ಅವಸರ ಏಕೆ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಪ್ರಾಗ್ ನಗರದ ಪ್ರಯೋಗಾಲಯದ ಜೊತೆ ಮ್ಯೂನಿಕ್‌ನವರಿಗೆ ಪೈಪೋಟಿ ಇತ್ತು ಎಂಬುದು ಒಂದು ವಾದ. ಅಲ್ಲಿ ಆಸ್ಕರ್ ಫಿಷರ್ ಎಂಬ ವೈದ್ಯರು 1907ರಲ್ಲಿಯೇ, ಒಬ್ಬರಲ್ಲ, ವಯಸ್ಸಾದ ಹನ್ನೆರಡು ರೋಗಿಗಳ ಮಿದುಳಿನಲ್ಲಿ ಇದೇ ಕಾಳುಗಳನ್ನು ವಿವರಿಸಿದ್ದರು. ಯೆಹೂದಿಯಾಗಿದ್ದ ಫಿಷರ್ 1942ರಲ್ಲಿ ನಾಜಿಗಳ ಬಂದಿಖಾನೆಯಲ್ಲಿ ಸತ್ತರು, ಅವರ ಹೆಸರೂ ಬಹುಕಾಲ ಮರೆಯಾಯಿತು. ಮರೆವಿನ ರೋಗದ ಇತಿಹಾಸದಲ್ಲೇ ಹೀಗಾದದ್ದು ವಿಚಿತ್ರ. ಅಲ್ಝೈಮರ್‌ಗೆ ಸ್ವತಃ ಸಂಶಯಗಳಿದ್ದವು. ಇದು ಬೇರೆಯೇ ರೋಗವೋ, ಮುಪ್ಪಿನ ಮರೆವೇ ಬೇಗ ಬಂದದ್ದೋ ಎಂದು 1911ರ ತಮ್ಮ ಲೇಖನದಲ್ಲಿ ಅವರು ಚರ್ಚಿಸಿದ್ದಾರೆ.

ಮ್ಯೂನಿಕ್‌ನ ಪ್ರಯೋಗಾಲಯಕ್ಕೆ ದೇಶ ವಿದೇಶಗಳಿಂದ ತರುಣರು ಬರುತ್ತಿದ್ದರು. ಇಟಲಿಯ ಪೆರುಸಿನಿ, ಅಮೆರಿಕದ ಕಪ್ಪು ಜನಾಂಗದ ವೈದ್ಯ ಸಾಲೊಮನ್ ಕಾರ್ಟರ್ ಫುಲ್ಲರ್, ಮುಂದೆ ತಮ್ಮದೇ ಹೆಸರಿನ ರೋಗಗಳಿಂದ ಪ್ರಸಿದ್ಧರಾದ ಕ್ರಾಯ್ಟ್ಸ್‌ಫೆಲ್ಟ್, ಯಾಕೋಬ್, ಲೆವಿ ಇವರೆಲ್ಲ ಅಲ್ಲಿ ಕಲಿತವರು. ಅಲ್ಝೈಮರ್ ಒಬ್ಬೊಬ್ಬರ ಮೇಜಿಗೆ ಬಂದು, ಸಿಗಾರ್ ಪಕ್ಕಕ್ಕಿಟ್ಟು, ಬಗ್ಗಿ ನೋಡುತ್ತ ಹೇಳಿಕೊಡುತ್ತಿದ್ದರು. ಸಂಜೆಗೆ ಪ್ರತಿ ಮೇಜಿನ ಮೇಲೂ ಒಂದೊಂದು ಸಿಗಾರ್ ತುಂಡು ಉಳಿದಿರುತ್ತಿತ್ತಂತೆ.

1912ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು. ಇಂದಿನ ಪೋಲೆಂಡಿನ ವ್ರೋತ್ಸ್ವಾಫ್ ನಗರವೇ ಅದು. ಅಲ್ಲಿಗೆ ಹೋಗುವ ದಾರಿಯಲ್ಲಿ ರೈಲಿನಲ್ಲೇ ಕಾಯಿಲೆ ಬಿದ್ದರು. ಗಂಟಲಿನ ಸೋಂಕು ಹೃದಯಕ್ಕೆ ತಗುಲಿತ್ತು, ಆಮೇಲೆ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. 1915ರ ಡಿಸೆಂಬರ್ 19ರಂದು ತೀರಿಕೊಂಡಾಗ ಅವರಿಗೆ 51 ವರ್ಷ. ಆಗುಸ್ಟೆ ಆಸ್ಪತ್ರೆಗೆ ಬಂದಾಗ ಆಕೆಗೆ ಇದ್ದದ್ದೂ ಅಷ್ಟೇ ವಯಸ್ಸು. ಫ್ರಾಂಕ್‌ಫರ್ಟ್‌ಗೆ ತಂದು ಹೆಂಡತಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಹೆಸರಿನ ಮುಂದಿನ ಕತೆ

ಅವರು ಸತ್ತ ಮೇಲೆ ಅರವತ್ತು ವರ್ಷ ಒಂದು ವಿಚಿತ್ರ ನಡೆಯಿತು. 65ರ ಒಳಗಿನವರಿಗೆ ಬಂದರೆ ಅಲ್ಝೈಮರ್ ರೋಗ, ಅದಕ್ಕಿಂತ ಮುದುಕರಾದರೆ ಮುಪ್ಪಿನ ಮರೆವು, ಅಂದರೆ ನಮ್ಮ ಗಾದೆಯೇ ವೈದ್ಯರ ಪುಸ್ತಕದಲ್ಲೂ ಉಳಿಯಿತು. ಹಾಗಾಗಿ ಇದೊಂದು ಅಪರೂಪದ ರೋಗ ಎಂದು ಎಲ್ಲರೂ ನಂಬಿದ್ದರು. 1960ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಮರೆವಿನಿಂದ ಸತ್ತ ವೃದ್ಧರ ಮಿದುಳುಗಳನ್ನು ಪರೀಕ್ಷಿಸಿದಾಗ ಅದೇ ಗಂಟು, ಅದೇ ಕಾಳು ಕಂಡವು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ಎರಡೂ ಒಂದೇ ರೋಗ, ಇದು ಅಪರೂಪದ್ದಲ್ಲ, ಸಾವಿನ ದೊಡ್ಡ ಕಾರಣಗಳಲ್ಲಿ ಒಂದು ಎಂದು ಬರೆದರು. ಅಂದಿನಿಂದ ಔಷಧ ಹುಡುಕಾಟಕ್ಕೆ ಹಣವೂ ಬಂತು, ಜನರೂ ಬಂದರು.

ನಮ್ಮ ದೇಶದ ಲೆಕ್ಕವೂ ಸಣ್ಣದಲ್ಲ. 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಅದರಲ್ಲಿ ಹಲವು ಬಗೆ ಇವೆ, ಎಲ್ಲಕ್ಕಿಂತ ಹೆಚ್ಚಿನದು ಅಲ್ಝೈಮರ್. ಹಾಗೆಯೇ ಬಿ12 ಕೊರತೆ, ಥೈರಾಯಿಡ್ ತೊಂದರೆ, ಮನಸ್ಸಿನ ಕುಗ್ಗುವಿಕೆಯಿಂದಲೂ ಮರೆವು ಬರಬಹುದು. ಅವಕ್ಕೆ ಚಿಕಿತ್ಸೆ ಇದೆ. ಪರೀಕ್ಷೆ ಮಾಡಿಸದೆ ಗಾದೆ ಹೇಳಿ ಸುಮ್ಮನಾದರೆ ಅದೂ ತಪ್ಪಿಹೋಗುತ್ತದೆ.

ಮೊದಲ ಗುಳಿಗೆ ಟಾಕ್ರಿನ್ 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಯಕೃತ್ತಿಗೆ ತೊಂದರೆ ಕೊಡುತ್ತದೆಂದು ಅದು ಮೂಲೆ ಸೇರಿತು. 1996ರಲ್ಲಿ ಡೊನೆಪೆಜಿಲ್, ನಂತರ ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್, ಮೆಮಾಂಟಿನ್ ಬಂದವು. ಇಂದಿಗೂ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಇವನ್ನೇ. ಇವು ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿ ಇಡುತ್ತವೆ, ರೋಗದ ಬೇರಿಗೆ ಹೋಗುವುದಿಲ್ಲ.

ಬೇರು ಎಂದರೆ ಅಲ್ಝೈಮರ್ ಕಂಡ ಆ ಕಾಳುಗಳು. 1984ರಲ್ಲಿ ಅದು ಅಮೈಲಾಯ್ಡ್ ಎಂಬ ಪ್ರೋಟೀನಿನ ತುಣುಕು ಎಂದು ಗೊತ್ತಾಯಿತು. ಒಳಗಿನ ಗಂಟು ಟೌ ಎಂಬ ಇನ್ನೊಂದು ಪ್ರೋಟೀನಿನದು. ಕಾಳು ತೆಗೆದರೆ ರೋಗ ಹೋಗುತ್ತದೆ ಎಂದು ಸಾವಿರಾರು ಕೋಟಿ ಸುರಿದರು. ಒಂದು ಲಸಿಕೆಯ ಪ್ರಯೋಗ 2002ರಲ್ಲಿ ಮಿದುಳಿನ ಉರಿಯೂತ ಕಾಣಿಸಿಕೊಂಡು ನಿಂತಿತು. ಒಂದರ ಹಿಂದೊಂದು ಔಷಧ ಸೋತವು. 2021ರಲ್ಲಿ ವಿವಾದದ ನಡುವೆ ಒಪ್ಪಿಗೆ ಪಡೆದ ಅಡುಕಾನುಮಾಬ್ ಅನ್ನು ಅದರ ಕಂಪನಿಯೇ 2024ರಲ್ಲಿ ಕೈಬಿಟ್ಟಿತು. ಸೋಲಿಗೆ ಸಂಶೋಧಕರು ಕಂಡ ಕಾರಣಗಳಲ್ಲಿ ಒಂದು ತಡ. ಮನೆಯವರಿಗೆ ಮರೆವು ಕಾಣುವ ಹೊತ್ತಿಗೆ ಮಿದುಳಿನಲ್ಲಿ ಕಾಳು ಕಟ್ಟಲು ಶುರುವಾಗಿ ಹತ್ತು ಹದಿನೈದು ವರ್ಷವೇ ಆಗಿರುತ್ತದೆ. ಬೆಳೆ ಒಣಗಿದ ಮೇಲೆ ಕಾಲುವೆಗೆ ನೀರು ಬಿಟ್ಟಂತೆ.

ಅದಕ್ಕೇ ಈಚಿನ ಪ್ರಯೋಗಗಳು ಮೊದಲ ಹಂತದ ರೋಗಿಗಳನ್ನೇ ಆರಿಸಿಕೊಂಡವು. ಲೆಕನೆಮಾಬ್ ಎಂಬ ಔಷಧವನ್ನು 1,795 ಮಂದಿಯ ಮೇಲೆ 18 ತಿಂಗಳು ಪರೀಕ್ಷಿಸಿದರು. ಅರ್ಧ ಮಂದಿಗೆ ಔಷಧ, ಅರ್ಧ ಮಂದಿಗೆ ಬರೀ ಸಲೈನಿನಂಥದ್ದು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಔಷಧ ಪಡೆದವರಲ್ಲಿ ಕುಸಿತ ಶೇಕಡಾ 27ರಷ್ಟು ನಿಧಾನವಾಗಿತ್ತು. ಕೇಳಲು ದೊಡ್ಡದು. ಆದರೆ 18 ಅಂಕದ ಅಳತೆಯಲ್ಲಿ ವ್ಯತ್ಯಾಸ ಬರೀ 0.45. ಹೋದ ನೆನಪು ಮರಳಲಿಲ್ಲ, ಹೋಗುವ ವೇಗ ತುಸು ತಗ್ಗಿತು. ಔಷಧ ಪಡೆದ ನೂರರಲ್ಲಿ ಹನ್ನೆರಡು ಹದಿಮೂರು ಮಂದಿಗೆ ಮಿದುಳಿನ ಬಾವು ಸ್ಕ್ಯಾನಿನಲ್ಲಿ ಕಂಡಿತು, ಕೆಲವರಿಗೆ ಸಣ್ಣ ರಕ್ತಸ್ರಾವವೂ ಆಯಿತು. ಪ್ರಯೋಗದಲ್ಲಿ ಅದನ್ನು ಎರಡು ವಾರಕ್ಕೊಮ್ಮೆ ನರದಲ್ಲಿ ಇಳಿಸುತ್ತಿದ್ದರು, ಪದೇಪದೇ ಎಂಆರ್‌ಐ ಬೇಕು. 2023ರಲ್ಲಿ ಅಮೆರಿಕದಲ್ಲಿ ಕಂಪನಿ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್ ಆಗಿತ್ತು. 2023ರ ಜುಲೈನಲ್ಲಿ ಅಲ್ಲಿ ಇದಕ್ಕೆ ಪೂರ್ಣ ಒಪ್ಪಿಗೆ ಸಿಕ್ಕಿತು, 2024ರ ಜುಲೈನಲ್ಲಿ ಡೊನಾನೆಮಾಬ್ ಎಂಬ ಇನ್ನೊಂದಕ್ಕೆ. ಪವಾಡ ಎಂದು ವಾಟ್ಸಾಪ್‌ನಲ್ಲಿ ಬಂದರೆ ನಂಬಬೇಡಿ. ಹಾಗೆಂದು ಇದೆಲ್ಲ ಸುಳ್ಳು ಎಂದೂ ತಳ್ಳಿಹಾಕುವಂತಿಲ್ಲ.

ಸಾಂಗಲಿಯವರು ತಪ್ಪದೇ ಕೇಳುವ ಪ್ರಶ್ನೆ ಒಂದಿದೆ, ಅರಿಷಿಣದ್ದು. ದೇಶಕ್ಕೆಲ್ಲ ಅರಿಷಿಣ ಮಾರುವ ಪೇಟೆ ನಮ್ಮದು. ಅದರೊಳಗಿನ ಕರ್ಕ್ಯುಮಿನ್ ಮರೆವಿಗೆ ಮದ್ದು ಎಂಬ ಸುದ್ದಿ ಎಷ್ಟೋ ವರ್ಷದಿಂದ ಓಡಾಡುತ್ತಿದೆ. ಗಾಜಿನ ನಳಿಕೆಯಲ್ಲಿ, ಇಲಿಗಳಲ್ಲಿ ಒಳ್ಳೆಯ ಫಲ ಕಂಡದ್ದು ನಿಜ. ಆದರೆ ಅಮೆರಿಕದಲ್ಲಿ 36 ರೋಗಿಗಳ ಮೇಲೆ 24 ವಾರ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರಿದ್ದೇ ಬಹಳ ಕಡಿಮೆ. ಸಾರಿಗೆ ಹಾಕಿ, ರುಚಿ ನೋಡಿ, ಆದರೆ ಗುಳಿಗೆಯ ಬದಲು ಬೇಡ.

ಮೊದಲ ಹಂತಕ್ಕೆ ಇನ್ನೊಂದು ಮಹತ್ವವೂ ಇದೆ, ಅದು ಸಹಿಯದು. ಆಗುಸ್ಟೆಯನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. ಅವಳ ಫೋಟೋ ತೆಗೆದರು, ಮಿದುಳು ಕಳಿಸಿದರು. ಕಾಲ ಹಾಗಿತ್ತು. ಇಂದು ಔಷಧ ಪ್ರಯೋಗಕ್ಕೆ ಸೇರಬೇಕಾದರೆ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಕಾಗದ ಕೊಟ್ಟು, ತಿಳಿಸಿ ಹೇಳಿ, ಸಹಿ ಪಡೆಯಬೇಕು ಎಂದು ನಮ್ಮ ದೇಶದ 2019ರ ನಿಯಮ ಹೇಳುತ್ತದೆ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರದ ನಿಯಮವೂ ಇದೆ. ಪ್ರಯೋಗ ನಡೆಸುವವರು ಭಾರತದ ಪ್ರಯೋಗಗಳ ಸಾರ್ವಜನಿಕ ದಾಖಲಾತಿಯಲ್ಲಿ ಮೊದಲೇ ನೋಂದಾಯಿಸಬೇಕು, 2009ರಿಂದ ಇದು ಕಡ್ಡಾಯ. ಗಡಿಯ ಮಂದಿ ಒಂದು ಮಾತು ಗಮನದಲ್ಲಿ ಇಡಬೇಕು. ಪುಣೆಯಲ್ಲಿ ಮರಾಠಿ ಕಾಗದ, ಬೆಂಗಳೂರಿನಲ್ಲಿ ಕನ್ನಡ ಕಾಗದ ಸಿಗಬಹುದು. ಜತ್ತ ತಾಲೂಕಿನ ಅಜ್ಜಿಗೆ ಓದಲು ಬರುವುದು ಮರಾಠಿ, ಮನಸ್ಸಿಗೆ ಇಳಿಯುವುದು ಕನ್ನಡ ಎಂದಿರಬಹುದು. ಎರಡರಲ್ಲೂ ಹೇಳಿಸಿಕೊಳ್ಳುವ ಹಕ್ಕು ಕೇಳಿ ಪಡೆಯಬೇಕಾದದ್ದು. ಅಜ್ಜಿ ತಾನೇ ಕೇಳಿ, ತಾನೇ ಬೇಕು ಬೇಡ ಎನ್ನುವುದು ಮೊದಲ ಹಂತದಲ್ಲಿ ಮಾತ್ರ ಸಾಧ್ಯ. ಆಮೇಲೆ ಮಗ ಹೇಳಿದ್ದೇ ಸಹಿ.

ಎರಡು ಭಾಷೆಯ ಬಗ್ಗೆ ಹೇಳುವಾಗ ಒಂದು ಸಂತೋಷದ ಸುದ್ದಿ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತು ತಂಡದವರು 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆಯ ಲಕ್ಷಣ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಇತ್ತು. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ರೋಗ ಬರುವುದೇ ಇಲ್ಲ ಎಂದೂ ಇದರ ಅರ್ಥ ಅಲ್ಲ. ಆದರೂ ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುತ್ತ ಬಂದ ನಮಗೆ ಯಾರೋ ಪುಗಸಟ್ಟೆ ಕೊಟ್ಟ ವಿಮೆಯಂತಿದೆ. ನಂತರ ಅದೇ ಡಾಕ್ಟರು ಬೆಂಗಳೂರಿನ ನಿಮ್ಹಾನ್ಸ್ ಸೇರಿದರು.

ಕರ್ನಾಟಕದ ಇನ್ನೊಂದು ಗಡಿಯಲ್ಲಿ, ಕನ್ನಡ ತೆಲುಗು ಎರಡೂ ಆಡುವ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಒಂದು ದೊಡ್ಡ ಕೆಲಸ ಶುರುಮಾಡಿತು. 45 ದಾಟಿದ, ಇನ್ನೂ ಮರೆವು ಬಾರದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವುದು ಗುರಿ. ಅಲ್ಲಿ ಔಷಧ ಕೊಡುವುದಿಲ್ಲ. ರಕ್ತ ಪರೀಕ್ಷೆ, ಮಿದುಳಿನ ಸ್ಕ್ಯಾನ್, ಸಕ್ಕರೆ, ರಕ್ತದೊತ್ತಡ, ನೆನಪಿನ ಪರೀಕ್ಷೆ ಮಾಡುತ್ತಾರೆ. ರೋಗ ಯಾರಲ್ಲಿ, ಯಾವಾಗ, ಹೇಗೆ ಮೊದಲು ತಲೆ ಎತ್ತುತ್ತದೆ ಎಂದು ಹಿಡಿಯುವ ಪ್ರಯತ್ನ ಅದು. ಹೊಲದ ಕೆಲಸ ಬಿಟ್ಟು ಬಂದ ರೈತರು ಮೇಜಿನ ಎದುರು ಕುಳಿತು ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ, ಎದುರಿಗೆ ಕುಳಿತವರು ಬರೆದುಕೊಳ್ಳುತ್ತಾರೆ, ಕೆಲವು ವರ್ಷ ಬಿಟ್ಟು ಮತ್ತೆ ಕರೆಯುತ್ತಾರೆ.